ಅಪ್ಪಯ್ಯ ಕಣ್ಣು ಮಿಟುಕಿಸಿದ್ದು

ಅಪ್ಪಯ್ಯನಿಗೆ ಎಂಬತ್ತು ತುಂಬಿದಾಗ ಮನೆಯಲ್ಲಿ ಹೋಳಿಗೆ ಆಯಿತು. ಹುಟ್ಟಿದ ದಿನಕ್ಕಲ್ಲ, ಪಿಂಚಣಿಗೆ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇಕಡ 20 ಜಾಸ್ತಿ ಸಿಗುತ್ತದೆ. 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದರೆ ನೂರಕ್ಕೆ ನೂರು. ಅಂಚೆ ಇಲಾಖೆಯಲ್ಲಿ ಪೋಸ್ಟ್ ಮಾಸ್ಟರ್ ಆಗಿ ನಿವೃತ್ತರಾದ ಅಪ್ಪಯ್ಯ ಈ ಪಟ್ಟಿಯನ್ನು ದುಂಡಗೆ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿಕೊಂಡಿದ್ದಾರೆ. ಪಕ್ಕದಲ್ಲೇ ವೆಂಕಟರಮಣನ ಫೋಟೋ ಇದೆ. ಬೆಳಗ್ಗೆ ಸ್ನಾನ ಆದ ಮೇಲೆ ಬೀರು ತೆಗೆದು ಕೈ ಮುಗಿಯುತ್ತಾರೆ. ಯಾವುದಕ್ಕೆ ಅಂತ ನಾನು ಕೇಳಲು ಹೋಗಿಲ್ಲ.

ಈಗ ಅವರಿಗೆ 82. ಅಮ್ಮನಿಗೆ 76. ಸಾಗರದ ಹತ್ತಿರ ಒಂದು ಹಳ್ಳಿ, ಮುಕ್ಕಾಲು ಎಕರೆ ಅಡಿಕೆ ತೋಟ, ಮನೆಯಲ್ಲಿ ಇಬ್ಬರೇ. ನಾನಿರುವುದು ಬೆಂಗಳೂರಿನಲ್ಲಿ. ಎರಡು ವಾರಕ್ಕೊಮ್ಮೆ ರಾತ್ರಿ ತಾಳಗುಪ್ಪ ರೈಲು ಹತ್ತಿ ಹೋಗಿ, ಅವರು ಯಾವುದನ್ನು ಮಾಡಬಾರದು ಅಂತ ಹೇಳಿ ಬರುತ್ತೇನೆ. ಅವರು ಅದನ್ನೇ ಮಾಡುತ್ತಾರೆ. ಪುಣೆಯಲ್ಲಿರುವ ನನ್ನ ಅಕ್ಕನಿಗೆ ರೈಲಿನ ಕಷ್ಟ ಇಲ್ಲ. ಫೋನಿನಲ್ಲೇ "ನೀನು ಸ್ವಲ್ಪ ಗಟ್ಟಿಯಾಗಿ ಹೇಳ್ಬೇಕು ಕಣೋ" ಅಂತ ನನಗೆ ಗಟ್ಟಿಯಾಗಿ ಹೇಳುತ್ತಾಳೆ.

ಮೊದಲು ಕೋಲಿನ ಕತೆ. ಹೋದ ಮಳೆಗಾಲ ಅಪ್ಪಯ್ಯ ಅಂಗಳದಲ್ಲಿ ಜಾರಿ ಕೂತರು. "ಬಿದ್ದದ್ದಲ್ಲ, ಕೂತದ್ದು" ಅನ್ನುವುದು ಅವರ ಹೇಳಿಕೆ. ಅದಕ್ಕೆ ಸಾಕ್ಷಿಯಾಗಿ ಅಲ್ಲೇ ಕೂತಿದ್ದು ಎರಡು ಹುಲ್ಲು ಕೂಡ ಕಿತ್ತರಂತೆ. ನಾನು ಬೆಂಗಳೂರಿನಿಂದ ನಾಲ್ಕು ಕಾಲಿನ ಕೋಲು ಒಯ್ದೆ. ಅಲ್ಯೂಮಿನಿಯಂ, ಹಗುರ, ಬೇಕಾದ ಎತ್ತರಕ್ಕೆ ಏರಿಸಿ ಇಳಿಸಬಹುದು. ಅಪ್ಪಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ, ಯಾರಾದ್ರೂ ಮುದುಕರಿಗೆ ಕೊಡು" ಅಂದರು. ಎರಡು ವಾರ ಬಿಟ್ಟು ಹೋದಾಗ ಕೋಲು ಉಪಯೋಗದಲ್ಲಿತ್ತು. ಅಮ್ಮ ಅದರ ನಾಲ್ಕು ಕಾಲಿನ ಕಡೆಯಿಂದ ದಾಸವಾಳದ ಗೆಲ್ಲು ಬಗ್ಗಿಸಿ ಪೂಜೆಗೆ ಹೂ ಕೊಯ್ಯುತ್ತಿದ್ದಳು. ಮಧ್ಯಾಹ್ನದ ಮೇಲೆ ಅದೇ ಕೋಲು ಮಂಗ ಓಡಿಸುವ ಕೆಲಸಕ್ಕೆ ಹೋಗುತ್ತದಂತೆ. ಮಂಗಗಳೂ ಅದನ್ನು ಕಂಡರೆ ಸ್ವಲ್ಪ ಗೌರವ ಕೊಡುತ್ತವಂತೆ.

ಆದರೆ ಅಪ್ಪಯ್ಯನ ಕೈಯಲ್ಲಿ ಸದಾ ಒಂದು ಕೊಡೆ ಇರುತ್ತದೆ. ಹಳೇ ಕಾಲದ್ದು, ಮರದ ಬಗ್ಗಿದ ಹಿಡಿ, ಕೆಳಗೆ ಉಕ್ಕಿನ ಮೊನೆ. ಮಾರ್ಚ್ ತಿಂಗಳ ಬಿಸಿಲಲ್ಲೂ ಅದನ್ನು ಬಿಚ್ಚುವುದಿಲ್ಲ. ಊರಿ ಊರಿ ನಡೆಯುತ್ತಾರೆ. ಕೇಳಿದರೆ "ಮಳೆ ಬಂದ್ರೆ ಇರ್ಲಿ ಅಂತ". ಇದು ನನಗೆ ಅರ್ಥ ಆಗಲು ಎಂಟು ತಿಂಗಳು ಬೇಕಾಯಿತು. ಅರ್ಥ ಆದ ದಿನ ಸುಮ್ನೆ ಪೇಟೆಗೆ ಹೋಗಿ ಕೊಡೆಯ ಮೊನೆಗೆ ಜಾರದ ಹಾಗೆ ಒಂದು ರಬ್ಬರ್ ಬುಡ ಹಾಕಿಸಿಕೊಂಡು ಬಂದೆ. ಅಪ್ಪಯ್ಯ ಏನೂ ಹೇಳಲಿಲ್ಲ. ತೆಗೆದೂ ಹಾಕಲಿಲ್ಲ. ಈ ಮನೆಯಲ್ಲಿ ನನಗೆ ಸಿಕ್ಕ ಗೆಲುವು ಇದೊಂದೇ ಆದ್ದರಿಂದ ಇಷ್ಟು ಉದ್ದ ಹೇಳಿದೆ.

ಕರೆಂಟಿನ ವಿಷಯಕ್ಕೆ ಬಂದರೆ ಬರೀ ಸೋಲು. ಅಪ್ಪಯ್ಯ ಮೊದಲಿನಿಂದಲೂ ಒಬ್ಬರು ಇರುವ ಕೋಣೆಯಲ್ಲಿ ಮಾತ್ರ ಲೈಟು ಇರಬೇಕು ಅನ್ನುವವರು. ನಾನು ಚಿಕ್ಕವನಿದ್ದಾಗ ಬಚ್ಚಲಿಗೆ ಹೋದವನು ಒಂದು ನಿಮಿಷ ಸದ್ದು ಮಾಡದಿದ್ದರೆ ಹೊರಗಿನಿಂದ ಲೈಟು ಆರಿಹೋಗುತ್ತಿತ್ತು. 2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್ ಫ್ರೀ ಅಂತ ಊರೆಲ್ಲ ಸುದ್ದಿ. ಆದರೆ ಲೆಕ್ಕ ಹಾಗಿರಲಿಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದೀರೋ, ಅದಕ್ಕೆ ಶೇಕಡ 10 ಸೇರಿಸಿ, 200ರ ಒಳಗಿದ್ದರೆ ಅಷ್ಟೇ ಫ್ರೀ. ಅಪ್ಪಯ್ಯನ ಸರಾಸರಿ 60. ಸಿಕ್ಕಿದ್ದು 66. ಪಕ್ಕದ ಮನೆಯವರು ಹಗಲೂ ರಾತ್ರಿ ಟೀವಿ ಹಾಕಿ, ಅಂಗಳದ ಲೈಟು ಆರಿಸದೆ 170 ಉರಿಸಿದ್ದರು. ಅವರಿಗೆ 187.

ಜೀವನದಲ್ಲಿ ಅಪ್ಪಯ್ಯ ಇಷ್ಟು ನೊಂದದ್ದನ್ನು ನಾನು ನೋಡಿಲ್ಲ. ವಾರ ಮಾತೇ ಆಡಲಿಲ್ಲ. "ಉಳಿಸಿದವನಿಗೆ ಶಿಕ್ಷೆ, ಮಾರಾಯ" ಅಂದರು ಕೊನೆಗೆ. ಸರಿ, ಇನ್ನಾದರೂ ಬುದ್ಧಿ ಬಂದು ಧಾರಾಳವಾಗಿ ಫ್ಯಾನ್ ಹಾಕಿಕೊಳ್ಳುತ್ತಾರೆ ಅಂದುಕೊಂಡರೆ, ಉಲ್ಟಾ ಆಯಿತು. ಈಗ 66 ದಾಟಬಾರದು ಅನ್ನುವುದೇ ವ್ರತ. ತಿಂಗಳ ಇಪ್ಪತ್ತನೇ ತಾರೀಕಿನಿಂದ ದಿನಾ ಮೀಟರ್ ನೋಡುವುದು. ಅರವತ್ತು ದಾಟಿತೋ, ರಾತ್ರಿ ಫ್ರಿಜ್ ಪ್ಲಗ್ ಕೀಳುವುದು. "ರಾತ್ರಿ ಯಾರು ತೆಗೀತಾರೆ ಅದನ್ನ? ಬಾಗ್ಲು ಹಾಕಿದ್ರೆ ತಂಪು ಒಳಗೇ ಇರುತ್ತೆ." ಒಮ್ಮೆ ಬೆಳಗ್ಗೆ ಹಾಲು ಒಡೆದಿತ್ತು. ಅಮ್ಮ ಅದರಲ್ಲಿ ಸಿಹಿ ಮಾಡಿದಳು. ಅಪ್ಪಯ್ಯನ ಪ್ರಕಾರ ಹಾಗಾಗಿ ಅದು ನಷ್ಟ ಅಲ್ಲ.

ಈ ನಡುವೆ ನಾನು ಗೀಸರ್ ಹಾಕಿಸಿದೆ. ಬಚ್ಚಲ ಒಲೆಯ ಹೊಗೆ ಕುಡಿದು ಅಮ್ಮನಿಗೆ ಕೆಮ್ಮು, ಅದಕ್ಕೆ. ಅಪ್ಪಯ್ಯ ಕೇಳಿದ ಮೊದಲ ಪ್ರಶ್ನೆ: "ಎಷ್ಟು ವ್ಯಾಟ್?" 2,000 ಅಂದೆ. ತಕ್ಷಣ ಉತ್ತರ ಬಂತು. "ಅರ್ಧ ಗಂಟೆಗೆ ಒಂದು ಯೂನಿಟ್. ಇಬ್ಬರದ್ದು ಸೇರಿ ತಿಂಗಳಿಗೆ ಮೂವತ್ತರ ಮೇಲೆ. ನಾನು ಸ್ನಾನ ಮಾಡ್ಬೇಕೋ, ಫ್ರಿಜ್ ಇಟ್ಕೊಳ್ಳಬೇಕೋ?" ಲೆಕ್ಕದಲ್ಲಿ ಅವರನ್ನು ಸೋಲಿಸಲು ಆಗುವುದಿಲ್ಲ. ಮನಿ ಆರ್ಡರ್ ಎಣಿಸಿ ಬದುಕಿದವರು. ಗೀಸರ್ ಈಗ ಗೋಡೆಯ ಮೇಲೆ ಬೆಚ್ಚಗಾಗದೆ ಕೂತಿದೆ. ಅದರ ಪೈಪಿನ ಮೇಲೆ ಪಂಚೆ ಒಣಗುತ್ತದೆ. ಹಂಡೆ ಕಾಯುತ್ತಿದೆ. ಅಮ್ಮ ಕೆಮ್ಮುತ್ತಿದ್ದಾಳೆ.

ಅಮ್ಮ ಪಾಪ ಅಂತ ತಿಳಿಯಬೇಡಿ. ಅವಳಿಗೆ ಸಕ್ಕರೆ ಕಾಯಿಲೆ ಇದೆ, ಅದಕ್ಕೆ ತಕ್ಕ ರಾಜಕೀಯವೂ ಇದೆ. ಡಾಕ್ಟರ ಹತ್ತಿರ ಹೋಗುವ ಮುಂಚೆ ಮೂರು ದಿನ ರಾಗಿ ಗಂಜಿ, ಹಾಗಲಕಾಯಿ, ಸಂಜೆ ವಾಕಿಂಗ್. ರಕ್ತದಲ್ಲಿ ಸಕ್ಕರೆ ಎಂಥಾ ಶಿಸ್ತಿನಿಂದ ಇರುತ್ತಿತ್ತು! ಡಾಕ್ಟರು ಹೊಗಳಿ ಕಳಿಸುತ್ತಿದ್ದರು. ಬರುವ ದಾರಿಯಲ್ಲಿ ಮೈಸೂರು ಪಾಕು. ಕಳೆದ ವರ್ಷ ಹೊಸ ಡಾಕ್ಟರು ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಬರೆದರು. ರಕ್ತದ ಕೆಂಪು ಕಣಕ್ಕೆ ಸುಮಾರು 120 ದಿನ ಆಯಸ್ಸು. ಅಷ್ಟು ದಿನ ಅದಕ್ಕೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಅಂತ ನೋಡಿದರೆ ಎರಡು ಮೂರು ತಿಂಗಳ ಚರಿತ್ರೆ ಹೊರಗೆ ಬರುತ್ತದೆ. ಬಂತು. ಹಲಸಿನ ಹಣ್ಣಿನ ಕಡುಬು, ಅಳಿಯನ ಮನೆಯ ಗೃಹಪ್ರವೇಶ, ಎಲ್ಲವೂ ಒಂದೇ ಅಂಕಿಯಲ್ಲಿ ಬಂತು.

ಅಮ್ಮ ಮನೆಗೆ ಬಂದವಳೇ ನನ್ನ ಹೆಂಡತಿಗೆ ಫೋನ್ ಮಾಡಿದಳು. "ಡಾಕ್ಟರಿಗೆ ನೀನೇನಾದ್ರೂ ಹೇಳಿದ್ಯಾ?"

ಇನ್ನು ಅಪ್ಪಯ್ಯನ ಕಿವಿ ಮಿಷನ್. ಅದರ ಪುಟ್ಟ ಬ್ಯಾಟರಿಗೆ ಅವರು ಶೆಲ್ಲು ಅನ್ನುತ್ತಾರೆ. ಒಂದು ಪ್ಯಾಕೆಟ್ಟಿನಲ್ಲಿ ಆರು. ಒಂದೊಂದರ ಮೇಲೂ ಬಣ್ಣದ ಸ್ಟಿಕ್ಕರ್. ಆ ಸ್ಟಿಕ್ಕರ್ ಕಿತ್ತ ಕೂಡಲೇ ಸಣ್ಣ ತೂತಿನಿಂದ ಗಾಳಿ ಒಳಗೆ ಹೋಗಿ ಶೆಲ್ಲು ಎಚ್ಚರ ಆಗುತ್ತದೆ. ಆಮೇಲೆ ಮಿಷನ್ನಿಗೆ ಹಾಕಿದರೂ ಹಾಕದಿದ್ದರೂ ಅದರ ಆಯಸ್ಸು ಕರಗುತ್ತಲೇ ಇರುತ್ತದೆ. ಇದನ್ನು ನಾನು ಅಪ್ಪಯ್ಯನಿಗೆ ಮೊದಲ ದಿನವೇ ಹೇಳಿದ್ದೆ. ಆದರೆ ಆಗ ಮಿಷನ್ ಹಾಕಿರಲಿಲ್ಲವಲ್ಲ, ಅವರಿಗೆ ಕೇಳಿಸಿರಲಿಲ್ಲ. ಅವರು ಅಂಚೆ ಕಚೇರಿಯ ಅಭ್ಯಾಸದಂತೆ ಆರನ್ನೂ ಒಟ್ಟಿಗೆ ಬಿಚ್ಚಿ, ಸ್ಟಿಕ್ಕರ್ ಕಿತ್ತು, ಒಂದು ಕುಂಕುಮದ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿಟ್ಟರು. ಮೊದಲನೆಯದು ಮುಗಿಯುವ ಹೊತ್ತಿಗೆ ಉಳಿದ ಐದೂ ಡಬ್ಬಿಯಲ್ಲೇ ಪ್ರಾಣ ಬಿಡುತ್ತಿದ್ದವು. "ಅಪ್ಪಯ್ಯ, ಸ್ಟಿಕ್ಕರ್ ಕೀಳ್ಬೇಡಿ!" ಅಂತ ಕಿವಿಯ ಹತ್ತಿರ ಹೋಗಿ ಕೂಗಿದೆ. ತಲೆ ಆಡಿಸಿದರು.

ಆಮೇಲೆ ಅವರು ಶೆಲ್ಲು ಉಳಿಸಲು ಮಿಷನ್ನನ್ನೇ ಹಾಕುವುದು ಬಿಟ್ಟರು. "ಬೇಕಾದ್ದು ಹೇಗಿದ್ರೂ ಕೇಳಿಸುತ್ತೆ." ಇದು ನಿಜ. ಉಪ್ಪಿನಕಾಯಿ ಕಡಿಮೆ ಮಾಡಿ ಅಂತ ತಟ್ಟೆಯ ಎದುರು ಕೂತು ಹೇಳಿದರೆ ಕೇಳಿಸುವುದಿಲ್ಲ. ಚಾವಡಿಯಲ್ಲಿ ಯಾರೋ ರಾಶಿ ಇಡಿ ಅಡಿಕೆಯ ಧಾರಣೆ ಪಿಸುಗುಟ್ಟಿದರೆ ಹಿತ್ತಲಿನಿಂದ "ಎಷ್ಟಂತೆ?" ಅಂತ ಪ್ರಶ್ನೆ ಬರುತ್ತದೆ.

ಬಿಪಿ ಮಾತ್ರೆಯ ವಿಷಯದಲ್ಲೂ ಹೀಗೇ. "ಇವತ್ತು ತಲೆ ಹಗುರ ಇದೆ, ಬೇಡ." ನಾನು, ಅಕ್ಕ, ಡಾಕ್ಟರು, ಎಲ್ಲರೂ ಹೇಳಿ ಸೋತೆವು. ಕೊನೆಗೆ ನನ್ನ ಹೆಂಡತಿ ಬೀರುವಿನ ಪಟ್ಟಿ ನೋಡಿದಳು. ಮಾತ್ರೆ ಡಬ್ಬಿಯನ್ನು ತಂದು ಅದರ ಕೆಳಗಿನ ಅರೆಯಲ್ಲಿಟ್ಟಳು. "ಮಾವಯ್ಯ, ಇನ್ನು ಮೂರೇ ವರ್ಷ, ಶೇಕಡ 30" ಅಂದಳು, ಅಷ್ಟೇ. ಅವತ್ತಿನಿಂದ ಒಂದು ದಿನ ಮಾತ್ರೆ ತಪ್ಪಿಲ್ಲ.

ನವೆಂಬರ್ ಬಂತು. ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ಸರ್ಕಾರಕ್ಕೆ ತಿಳಿಸುವ ತಿಂಗಳು. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇದೆ. ಆದರೆ ಅಪ್ಪಯ್ಯ ಅದನ್ನು ಒಪ್ಪುವುದಿಲ್ಲ. "ನವೆಂಬರ್ ಅಂದ್ರೆ ನವೆಂಬರ್." 2014ರಲ್ಲಿ ಜೀವನ ಪ್ರಮಾಣ ಅಂತ ಡಿಜಿಟಲ್ ವ್ಯವಸ್ಥೆ ಬಂತು. ಬೆರಳು ಒತ್ತಿದರೆ ಸಾಕು. ಅಪ್ಪಯ್ಯನ ಬೆರಳು ಅಡಿಕೆ ಸುಲಿದು ಸವೆದು ಹೋಗಿದೆ. ಮಿಷನ್ ಅವರನ್ನು ಗುರುತು ಹಿಡಿಯಲಿಲ್ಲ. 2021ರಲ್ಲಿ ಮುಖ ತೋರಿಸಿದರೂ ಸಾಕು ಅಂತಾಯಿತು. ಈ ಸಲ ನಾನು ಫೋನಿನಲ್ಲಿ ಎರಡು ಆ್ಯಪ್ ಹಾಕಿಕೊಂಡು, ಆಧಾರ್ ನಂಬರು, ಪಿಂಚಣಿ ಆದೇಶದ ನಂಬರು ಎಲ್ಲ ತುಂಬಿ, ಚಾವಡಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂರಿಸಿದೆ.

"ಕಣ್ಣು ಮಿಟುಕಿಸಿ ಅಪ್ಪಯ್ಯ."

"ಎಂತಕ್ಕೆ?"

"ಆ್ಯಪ್ ಕೇಳ್ತಾ ಇದೆ. ನೀವು ಫೋಟೋ ಅಲ್ಲ, ಮನುಷ್ಯ ಅಂತ ಗೊತ್ತಾಗ್ಬೇಕು."

"ನಾನು ಯಾರಿಗೂ ಕಣ್ಣು ಹೊಡೆದವನಲ್ಲ."

ಒಳಗಿನಿಂದ ಅಮ್ಮ, "ಅದು ಹೌದು" ಅಂದಳು. ಆ ದನಿಯಲ್ಲಿ ಹೆಮ್ಮೆ ಇತ್ತೋ ದೂರು ಇತ್ತೋ ಗೊತ್ತಾಗಲಿಲ್ಲ.

ಅಪ್ಪಯ್ಯ ಫೋನನ್ನು ದಿಟ್ಟಿಸಿ ನೋಡಿದರು. ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ, ಉಸಿರು ಬಿಗಿ ಹಿಡಿದು. ಒಂದು ನಿಮಿಷ. ರೆಪ್ಪೆ ಅಲುಗಲಿಲ್ಲ. ಆ್ಯಪ್ ಸುಸ್ತಾಗಿ ಕೈ ಬಿಟ್ಟಿತು. ಹನ್ನೊಂದು ಸಲ ಹೀಗಾಯಿತು. ಮಧ್ಯೆ ಮಧ್ಯೆ ಅವರು ಧಾರಾಳವಾಗಿ ಮಿಟುಕಿಸುತ್ತಿದ್ದರು, ಫೋನ್ ಕೆಳಗಿಟ್ಟಾಗ. ಪೋಸ್ಟ್‌ಮ್ಯಾನೇ ಮನೆಗೆ ಬಂದು 70 ರೂಪಾಯಿಗೆ ಮಾಡಿಕೊಡುತ್ತಾನೆ, ಕರೆಸೋಣ ಅಂದೆ. "ನಾನು 38 ವರ್ಷ ಇಲಾಖೆಯಲ್ಲಿದ್ದವನು. ಬದುಕಿದ್ದೇನೆ ಅಂತ ಹೇಳೋಕೆ ಇಲಾಖೆಗೆ ನಾನು ದುಡ್ಡು ಕೊಡ್ಬೇಕಾ?" ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಅಂಗಿ ನಿನ್ನೆಯೇ ಇಸ್ತ್ರಿ ಆಗಿತ್ತು ಅನ್ನುವುದನ್ನು ನಾನು ಆಗ ಗಮನಿಸಿದೆ.

ಅಂಚೆ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೈದರ ಒಳಗಿನ ಹುಡುಗಿ. ಅವಳೂ ಫೋನೇ ತೆಗೆದಳು. ಅದೇ ಆ್ಯಪ್. "ಸರ್, ಒಂದ್ಸಲ ಕಣ್ಣು ಮಿಟುಕಿಸಿ" ಅಂದಳು.

ಅಪ್ಪಯ್ಯ ಮಿಟುಕಿಸಿದರು. ಎರಡು ಸಲ. ಬೇಕಾದರೆ ಇನ್ನೊಂದು ಸಲ ಅನ್ನುವಂತೆ ನಿಂತರು.

ನಾನು ಅವರ ಮುಖ ನೋಡಿದೆ. "ಇಲಾಖೆ ಹೇಳಿದ ಮೇಲೆ ಮಾಡ್ಬೇಕಪ್ಪ" ಅಂದರು.

ಆ ಕೆಲಸ ಎರಡು ನಿಮಿಷ. ಆಮೇಲೆ ಹೊರಗಿನ ಬೆಂಚಿನಲ್ಲಿ ಎರಡು ಗಂಟೆ. ಅಲ್ಲಿ ಆಗಲೇ ಅವರ ಕಾಲದ ನಾಲ್ಕೈದು ಜನ ಸೇರಿದ್ದರು. ಎಲ್ಲರೂ ಇಸ್ತ್ರಿ ಅಂಗಿ. ಟೀ ಬಂತು, ಮತ್ತೆ ಟೀ ಬಂತು. ಯಾರು ಈ ವರ್ಷ ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಮೆಲ್ಲಗೆ ಲೆಕ್ಕ ಆಯಿತು. ಅಪ್ಪಯ್ಯ ಎಲ್ಲದಕ್ಕೂ ನಗುತ್ತಾ ತಲೆ ಆಡಿಸುತ್ತಿದ್ದರು. ಮಿಷನ್ ಮನೆಯಲ್ಲಿತ್ತು. ಒಬ್ಬರು, ಬಚ್ಚಲಲ್ಲಿ ಬಿದ್ದು ಸೊಂಟ ಮುರಿದು, ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಮೂರು ತಿಂಗಳು ಮಲಗಿದ್ದೆ ಅಂತ ಹೇಳಿದರು. ಅಪ್ಪಯ್ಯ ಅವರ ಬೆನ್ನು ತಟ್ಟಿ, "ಭಾಳ ಸಂತೋಷ, ಭಾಳ ಸಂತೋಷ" ಅಂದರು.

ಆಟೋದಲ್ಲಿ ಕೂತ ಮೇಲೆ ಕೇಳಿದರು. "ಅವನು ಎಂತ ಹೇಳಿದ?"

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊಡೆಯ ರಬ್ಬರ್ ಬುಡವನ್ನು ಎರಡು ಸಲ ನೆಲಕ್ಕೆ ಒತ್ತಿ ನೋಡಿದರು. ಮೆಡಿಕಲ್ ಶಾಪ್ ಕಂಡಾಗ, "ಅಲ್ಲಿ ನಿಲ್ಲಿಸಪ್ಪ, ಶೆಲ್ಲು ತಗೊಳ್ಳೋಣ" ಅಂದರು. ನಾನು ಹೇಳದೆ, ಅವರಾಗಿಯೇ. ದುಡ್ಡೂ ಅವರೇ ಕೊಟ್ಟರು.

ಅವತ್ತೇ ರಾತ್ರಿ ರೈಲಿಗೆ ಹೊರಟು ಬಂದೆ. ಮೂರನೇ ದಿನ ಬೆಳಗ್ಗೆ, ಮೀಟಿಂಗ್ ನಡುವೆ, ಫೋನ್ ಬಂತು.

"ನೀನು ಕೊಡಿಸಿದ ಶೆಲ್ಲು ಸತ್ತೇ ಹೋಗಿದೆ ಮಾರಾಯ. ಆರೂ ಹಾಕಿ ನೋಡಿದೆ. ಒಂದರಲ್ಲೂ ಸದ್ದಿಲ್ಲ."

"ಸ್ಟಿಕ್ಕರ್ ತೆಗ್ದಿದ್ದೀರಾ?"

"ಹಾಂ?"

"ಅಮ್ಮಂಗೆ ಕೊಡಿ ಫೋನು."

"ಹಾಂ? ಅಮ್ಮ ಭಜನೆಗೆ ಹೋದಳು."

ಎದ್ದು ಹೊರಗೆ ಬಂದೆ. ಮೆಟ್ಟಿಲ ಹತ್ತಿರ ನಿಂತು, ಇಡೀ ಆಫೀಸಿಗೆ ಕೇಳುವ ಹಾಗೆ ಕೂಗಿದೆ. "ಅಪ್ಪಯ್ಯಾ, ಸ್ಟಿಕ್ಕರ್! ಸ್ಟಿಕ್ಕರ್ ಕೀಳಿ!"

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ನನ್ನ ತಲೆ ಸರಿ ಇದೆಯೋ ಇಲ್ಲವೋ ಅನ್ನುವ ಚಿಂತೆ ತುಂಬಿದ ದನಿಯಲ್ಲಿ, ಅಪ್ಪಯ್ಯ ಕೇಳಿದರು.

"ಮುಕ್ಕಾಲು ಎಕರೆಗೆ ಟ್ರ್ಯಾಕ್ಟರ್ ಎಂತಕ್ಕೆ ಮಾರಾಯ?"