ಆರರಿಂದ ಭಾಗಿಸಿದ ಊಟ

21 ಪೌಂಡು 40 ಪೆನ್ಸ್. ಮೊನ್ನೆ ಗ್ಲಾಸ್ಗೋದಲ್ಲಿ ನಮ್ಮ ಸರ್ ಪಾಲಿಗೆ ಬಂದ ಊಟದ ಲೆಕ್ಕ ಇದು.

ಧಾರವಾಡದ ಲಾ ಕಾಲೇಜಿನಲ್ಲಿ ನಮಗೆ ಟಾರ್ಟ್ (ಕರಾರಿಲ್ಲದಿದ್ದರೂ ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನು) ಕಲಿಸಿದ ಸರ್, ಮಗಳ ಮನೆಗೆಂದು ಬಂದಿದ್ದರು. ಹಳೆ ವಿದ್ಯಾರ್ಥಿಗಳು ಐದು ಮಂದಿ ಸೇರಿ ಅವರನ್ನು ಊಟಕ್ಕೆ ಕರೆದಿದ್ದೆವು. ಹೌದು, ಕರೆದಿದ್ದೆವು. ತಾಟು ಎತ್ತುವುದರೊಳಗೆ ನಮ್ಮಲ್ಲೊಬ್ಬ ಮೊಬೈಲ್ ತೆಗೆದು ಬಿಲ್ಲನ್ನು ಆರರಿಂದ ಭಾಗಿಸಿ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ. ಆ ಗುಂಪಿನಲ್ಲಿ ಸರ್ ಕೂಡ ಇದ್ದಾರೆ. ಕನ್ನಡಕ ಏರಿಸಿ ಓದಿದರು, ಪಾಕೀಟು ತೆಗೆದರು. ನಾವು ನಾಲ್ವರು "ಬ್ಯಾಡ್ರಿ ಸರ್, ಬ್ಯಾಡ್ರಿ" ಅನ್ನುತ್ತ ಏಳುವಷ್ಟರಲ್ಲಿ ನೋಟು ಮೇಜಿನ ಮೇಲಿತ್ತು. "ಇರಲಿ ಬಿಡ್ರಪಾ, ಲೆಕ್ಕ ಲೆಕ್ಕನ."

ಧಾರವಾಡದ ಚಹಾದಂಗಡಿಯಲ್ಲಿ ಇದೇ ಸರ್ ಒಳಗೆ ಬರುವಾಗಲೇ ಗಲ್ಲಾದವನಿಗೆ ಕಣ್ಣು ಮಾಡಿರುತ್ತಿದ್ದರು. ನಾವು ನೋಟು ಹಿಡಿದು ಹೋದರೆ ಆತ "ಆಗೇತ್ರಿ ಅದು" ಅಂದು ಅತ್ತ ಮುಖ ಮಾಡುವವ. ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಬಿಲ್ ತಾನು ಕೊಡಬೇಕೆಂದು ನಮ್ಮ ಮಾವ ಮತ್ತು ಅವರ ಬೀಗರು ಜಗ್ಗಾಡಿ, ಬೀಗರ ಅಂಗಿಯ ಗುಂಡಿ ಕಿತ್ತು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಹನ್ನೊಂದು ವರ್ಷದಲ್ಲಿ ಯಾರ ಗುಂಡಿಯೂ ಕಿತ್ತಿಲ್ಲ.

ಅವತ್ತೇ ಇದು ಇನ್ನಷ್ಟು ಚುಚ್ಚಿದ್ದಕ್ಕೆ ಕಾರಣವಿದೆ. ಬೆಳಿಗ್ಗೆ ಸರ್ ಹಟ ಹಿಡಿದು ನಮ್ಮನ್ನು ಪೇಸ್ಲಿಗೆ ಕರೆದೊಯ್ದಿದ್ದರು. ಗ್ಲಾಸ್ಗೋದಿಂದ ರೈಲಿನಲ್ಲಿ ಹತ್ತು ನಿಮಿಷದ ಊರು, ನಾನು ಒಮ್ಮೆಯೂ ಇಳಿದು ನೋಡಿರಲಿಲ್ಲ. ಟಾರ್ಟ್ ಕಲಿಯುವವರೆಲ್ಲ ಓದುವ ಬಸವನಹುಳದ ಕೇಸು ಹುಟ್ಟಿದ್ದು ಅಲ್ಲಿ. 1928ರ ಆಗಸ್ಟ್ 26ರಂದು ಮಿಸೆಸ್ ಡೊನಹ್ಯೂ ಅಲ್ಲಿನ ಕೆಫೆಯೊಂದರಲ್ಲಿ ಶುಂಠಿ ಬಿಯರ್ ಕುಡಿದರು. ಒಳಗಿನದು ಕಾಣದ ಆ ಬಾಟಲಿಯಿಂದ ಕೊಳೆತ ಹುಳ ಹೊರಬಿತ್ತು ಎಂಬುದು ಅವರ ದೂರು. (ಹುಳ ನಿಜಕ್ಕೂ ಇತ್ತೋ ಇಲ್ಲವೋ, ಕೊನೆತನಕ ಸಾಬೀತಾಗಲೇ ಇಲ್ಲ.) ಕೆಫೆ ಈಗಿಲ್ಲ, ಸಣ್ಣದೊಂದು ಸ್ಮಾರಕವಿದೆ. ಅದರ ಮುಂದೆ ನಿಂತು ಸರ್ ಮೂವತ್ತು ವರ್ಷದ ಹಳೇ ಪ್ರಶ್ನೆಯನ್ನೇ ಕೇಳಿದರು: "ಬಿಲ್ ಕೊಟ್ಟಾವ್ರು ಯಾರು?"

ಕೊಟ್ಟವರು ಡೊನಹ್ಯೂ ಜೊತೆಗಿದ್ದ ಸ್ನೇಹಿತರೊಬ್ಬರು. ಹಾಗಾಗಿ ಡೊನಹ್ಯೂಗೂ ಕೆಫೆಗೂ ಕರಾರೇ ಇರಲಿಲ್ಲ. ಬಿಯರ್ ತಯಾರಿಸಿ ಬಾಟಲಿಗೆ ತುಂಬಿದ ಸ್ಟೀವನ್‌ಸನ್ ಮೇಲೆಯೇ ದಾವೆ ಹೂಡಬೇಕಾಯಿತು. 1932ರಲ್ಲಿ, ಆಗ ಅಲ್ಲಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಆಕೆಯ ಪರ ನಿಂತರು, ಅವರಲ್ಲೊಬ್ಬರಾದ ಲಾರ್ಡ್ ಅಟ್ಕಿನ್ 'ನೆರೆಯವ ಯಾರು' ಎಂದು ಹೇಳಿದರು: ನಮ್ಮ ಅಜಾಗರೂಕತೆಯಿಂದ ಯಾರಿಗೆ ಹಾನಿಯಾದೀತೆಂದು ಮೊದಲೇ ಊಹಿಸಬಹುದೋ ಅವರೆಲ್ಲ. "ನೆರೆಯಾಂವ ಅಂದ್ರ ಬಾಜೂಮನಿಯಾಂವ ಅಷ್ಟ ಅಲ್ಲಪಾ" ಎಂದು ಸರ್ ಕ್ಲಾಸಿನಲ್ಲಿ ಹೇಳುತ್ತಿದ್ದದ್ದು ಇದನ್ನೇ. ಅವತ್ತು ಡೊನಹ್ಯೂ ಮತ್ತು ಆ ಸ್ನೇಹಿತರು ಇಬ್ಬರೂ ಮೊಬೈಲ್ ತೆಗೆದು ಬಿಲ್ ಹಂಚಿಕೊಂಡಿದ್ದರೆ? ಆಕೆ ಕೆಫೆಯವನನ್ನೇ ಹಿಡಿಯುತ್ತಿದ್ದಳು. ಸರ್‌ಗೆ ಪಾಠವಿಲ್ಲ, ನನಗೆ ಪರೀಕ್ಷೆಯಲ್ಲಿ ಹತ್ತು ಅಂಕವಿಲ್ಲ. ಇದನ್ನು ಆ ಲೆಕ್ಕದ ಗೆಳೆಯನಿಗೆ ರಾತ್ರಿ ಫೋನ್ ಮಾಡಿ ಹೇಳಿದೆ, ಸ್ವಲ್ಪ ಜೋರಾಗಿಯೇ.

ಅವ ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಧಾರವಾಡದಾಗ ನಾ ಎಷ್ಟು ಸಲ ಹೊಟ್ಟಿ ಸರಿ ಇಲ್ಲ ಅಂತ ಚಹಾಕ್ಕ ಬರಲಿಲ್ಲ, ನೆನಪೈತೇನು?" ಅಂದ. ನೆನಪಿತ್ತು. ನವಲಗುಂದದ ಕಡೆಯ ಹುಡುಗ, ಹಾಸ್ಟೆಲ್ಲಿನವ; ನಾವು ಅವನನ್ನು ಜಿಪುಣ ಎಂದು ನಗುತ್ತಿದ್ದೆವು. "ಸರ್ ಇದ್ದಾಗ ಚಿಂತಿ ಇರಲಿಲ್ಲ. ನೀವು ನೀವ ಹೋದಾಗ ಇವತ್ತು ನೀ, ನಾಳೆ ನಾ ಅಂತಿದ್ರಿ. ನನ್ನ ಪಾಳಿ ಬಂದ್ರ ಎಂಟು ಮಂದೀದು ಎಲ್ಲಿಂದ ಕೊಡ್ಲಿ? ನಂದು ನಾ ಕೊಡೂದಾಗಿದ್ರ ದಿನಾ ಬರ್ತಿದ್ದೆ."

ಇದಕ್ಕೆ ಏನು ಹೇಳಲಿ? ನಮ್ಮೂರಿನ ಧಾರಾಳತನದಲ್ಲಿ ಒಬ್ಬ ಹುಡುಗ ಎರಡು ವರ್ಷ ಹೊಟ್ಟೆನೋವಿನ ನೆಪ ಹೇಳಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಒಪ್ಪಿದೆ.

ಆದರೂ ಐದರಿಂದ ಭಾಗಿಸಬೇಕಿತ್ತು. 25 ಪೌಂಡು 68 ಪೆನ್ಸ್ ಆಗುತ್ತಿತ್ತು, ಅಷ್ಟೇ.