ಗ್ರೀಸ್ ಗನ್ ಹಿಡಿಯೋಕೆ ಒಬ್ಬರಿಗೂ ಕೈ ಬರಲಿಲ್ಲ

ಎಂಟು ತಿಂಗಳು, ಮೂರು ಗ್ಯಾರೇಜು. ಇವತ್ತು ಹೇಳಿಕೊಳ್ಳದೇ ಹೋದ್ರೆ ನನ್ನ ಹೊಟ್ಟೆ ಉರಿ ಆರೋದಿಲ್ಲ.

ನಮ್ಮನೇಲಿರೋದು ಅಪ್ಪ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು. ಅಮ್ಮ ಇದೇ ಗಾಡೀಲಿ ಗೋಣಿಕೊಪ್ಪ ಸಂತೆಗೆ ಹೋಗಿ, ಸಿಕ್ಕ ಸಂದಿಯಲ್ಲಿ ರಿವರ್ಸ್ ತಗೊಂಡು ನಿಲ್ಲಿಸ್ತಿದ್ರು. ಪವರ್ ಸ್ಟೀರಿಂಗ್ ಆಗಲೂ ಇರಲಿಲ್ಲ. ಕಳೆದ ಮಳೆಗಾಲ ಮುಗಿಯೋ ಹೊತ್ತಿಗೆ ಸ್ಟೀರಿಂಗ್ ತಿರುಗಿಸೋದು ಗಾಣ ತಿರುಗಿಸಿದ ಹಾಗಾಯ್ತು.

ಮೊದಲನೆಯವನು ಬಾನೆಟ್ ಕೂಡ ಎತ್ತದೆ, "ಮೇಡಂ, ಇದು ಹೆಂಗಸ್ರ ಕೈಲಿ ಆಗೋ ಗಾಡಿ ಅಲ್ಲ, ಮಾರಿಬಿಡಿ" ಅಂದ. ನಮ್ಮಮ್ಮನ ಕೈಲಿ ಆಗ್ತಿತ್ತಲ್ಲ ಅಂದಿದ್ದಕ್ಕೆ ಸ್ಟೀರಿಂಗ್ ತಿರುವನ್ನ ಚಕ್ರಕ್ಕೆ ದಾಟಿಸೋ ಸ್ಟೀರಿಂಗ್ ಬಾಕ್ಸಿನ ಸ್ಕ್ರೂ ಬಿಗಿದು, "ಪ್ಲೇ ಜಾಸ್ತಿ ಇತ್ತು" ಅಂತ ಬಿಲ್ ಕೊಟ್ಟ. ಆ ಸ್ಕ್ರೂ ಇರೋದು ಒಳಗಿನ ಸಡಿಲ ತೆಗೆಯೋಕೆ. ಮಿತಿ ಮೀರಿ ಬಿಗಿದ್ರೆ ಒಳಗೆಲ್ಲ ಹಿಡ್ಕೊಳ್ಳುತ್ತೆ. ಅದು ಗೊತ್ತಾಗಿದ್ದು ಸಂಪಾಜೆ ಘಾಟಿ ಇಳೀವಾಗ. ತಿರುವು ಮುಗಿದ್ರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರ್ಲಿಲ್ಲ. ಎದುರಿಗೆ ಲಾರಿ, ಪಕ್ಕದ ಸೀಟಲ್ಲಿ ಮಗಳು. ಎರಡೂ ಕೈಲಿ ಎಳೆದು ನೇರ ಮಾಡಿದೆ. ಸುಳ್ಯ ಮುಟ್ಟೋವರೆಗೂ ಕೈ ನಡುಗ್ತಿತ್ತು.

ಎರಡನೆಯವನು ಇನ್ನೂ ಬುದ್ಧಿವಂತ. 5.20-14 ಅಳತೆಯ ಟೈರ್ ಕಿತ್ತು 175 ಮಿಲಿಮೀಟರ್ ಅಗಲದ್ದು ಹಾಕಿದ. ಹಳೇದರ ಅಗಲ 5.20 ಇಂಚು, ಅಂದ್ರೆ 132 ಮಿಲಿಮೀಟರ್ ಅಷ್ಟೇ. 175ರಷ್ಟು ಅಗಲ ರಬ್ಬರು ನೆಲ ಉಜ್ಜಿದ್ರೆ ಗಾಡಿ ಹಗುರಾಗುತ್ತಾ? ಸಾಲದು ಅಂತ ನಾನು ಕೇಳದೇನೇ ಅಪ್ಪನ ಕಾಲದ ದೊಡ್ಡ ಸ್ಟೀರಿಂಗ್ ತೆಗೆದು ಚಿಕ್ಕದೊಂದು ಕೂರಿಸಿದ, ಲುಕ್ ಬರುತ್ತಂತೆ! ಉದ್ದ ಸ್ಪ್ಯಾನರಿಗೆ ಸಲೀಸಾಗಿ ಬಿಚ್ಚೋ ನಟ್ಟು ಗಿಡ್ಡ ಸ್ಪ್ಯಾನರಿಗೆ ಬರುತ್ತಾ? ದಿನಾ ಸ್ಪ್ಯಾನರ್ ಹಿಡಿಯೋನಿಗೆ ಇಷ್ಟೂ ಗೊತ್ತಿಲ್ವಾ?

ಮೂರನೆಯವನು ಸ್ಟೀರಿಂಗ್ ಕೂತಿರೋ ಕಂಬವನ್ನೇ, ಅಂದ್ರೆ ಕಾಲಮ್ಮನ್ನೇ ಕತ್ತರಿಸಿ, ಗುಜರಿ ಕಾರಿನ ಪವರ್ ಸ್ಟೀರಿಂಗ್ ಮೋಟಾರ್ ವೆಲ್ಡ್ ಮಾಡ್ತೀನಿ ಅಂದ. 40 ಸಾವಿರವಂತೆ. ನಮ್ಮ ಗಾಡಿ ಗೇರ್ ಇರೋದೂ ಅದೇ ಕಾಲಮ್ಮಿನ ಮೇಲೆ. ಗಾಡಿ ತಿರುಗಿಸ್ಕೊಂಡು ಮನೆಗೆ ಬಂದೆ.

ಕೊನೆಗೆ ನೋಡಿದ್ದು ಪಕ್ಕದ ತೋಟದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡೋ ಅಣ್ಣ. ಮುಂದಿನ ಎರಡೂ ಚಕ್ರ ಜಾಕಿ ಮೇಲೆ ಎತ್ತಿ ತಿರುಗಿಸಿದ್ರು. ನೆಲ ಬಿಟ್ಟ ಮೇಲೂ ಭಾರ, ಹಾಗಾದ್ರೆ ತಪ್ಪು ಟೈರ್ ಒಂದರದ್ದೇ ಅಲ್ಲ. ಬಾಕ್ಸನ್ನೂ ಚಕ್ರವನ್ನೂ ಬೇರೆ ಬೇರೆ ನೋಡೋಕೆ, ಎರಡಕ್ಕೂ ನಡುವಿನ ಟೈ ರಾಡ್ ಅನ್ನೋ ಸರಳಿನ ತುದಿ ಬಿಚ್ಚಿದ್ರು. ಬಾಕ್ಸೂ ಬಿಗಿ, ಚಕ್ರಾನೂ ಬಿಗಿ. ಟಾರ್ಚ್ ಹಾಕಿ ನೋಡಿದ್ರೆ ಕಿಂಗ್ ಪಿನ್ನಿಗೆ, ಅಂದ್ರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಕೀಲಿಗೆ, ಗ್ರೀಸ್ ತುಂಬೋ ನಿಪ್ಪಲ್ಲೇ ಕಾಣ್ತಿಲ್ಲ! ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯದ ಹಾಗೆ ಅಂತ ಮೊದಲನೇ ಗ್ಯಾರೇಜಿನವನೇ ಅಡಿಗೆ ಕಪ್ಪು ಕೋಟಿಂಗ್ ಹೊಡೆದಿದ್ನಲ್ಲ, ನಿಪ್ಪಲ್ ಮೇಲೂ ಬಳಿದುಬಿಟ್ಟಿದ್ದ. ಅಣ್ಣ ಸ್ಕ್ರೂಡ್ರೈವರಲ್ಲಿ ಕೆರೆದು, ಸೀಮೆಎಣ್ಣೆಲಿ ಒರೆಸಿ, ಗನ್ ಇಟ್ಟು ಒತ್ತಿದ್ರು. ಮೊದಲು ಒಣಗಿದ ಕಂದು ಮುದ್ದೆ, ಆಮೇಲೆ ಕೆಂಪು ಮಣ್ಣು ಕಲಸಿದ ನೀರು, ಕಡೆಗೆ ಹೊಸ ಗ್ರೀಸು ಸಂದಿಯಿಂದ ಹೊರಗೆ ಬಂತು. ಬಾಕ್ಸಿನ ಸ್ಕ್ರೂನ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹದಕ್ಕೆ ತಂದ್ರು. ಒಂದು ಮಧ್ಯಾಹ್ನದ ಕೆಲಸ, ಅರ್ಧ ಡಬ್ಬಿ ಗ್ರೀಸು!

ಟೈರ್ ಹಳೇ ಅಳತೆಗೆ ಬದಲಾಯಿಸಿದ್ದೀನಿ. ಎರಡನೆಯವನ ಹತ್ರ ಹಳೇ ಸ್ಟೀರಿಂಗ್ ಕೇಳೋಕೆ ಹೋದ್ರೆ, "ಗುಜರಿಗೆ ಹಾಕಿದ್ವಿ ಮೇಡಂ" ಅಂತಾನೆ. ಅಪ್ಪ, ಅಮ್ಮ ಇಬ್ಬರ ಕೈಯೂ ತಾಗಿ ನುಣುಪಾಗಿದ್ದ ಸ್ಟೀರಿಂಗ್ ಅದು. ಪದ್ಮಿನಿ ತಯಾರಾಗೋದು ನಿಂತು 20 ವರ್ಷದ ಮೇಲಾಯ್ತು. ಎಲ್ಲಿಂದ ತರಲಿ ಇನ್ನೊಂದನ್ನ?