ಲಾವಾ ನೋಡಿ ಬಂದ ಭಾವ

ನಮ್ಮ ಭಾವ ಐಸ್‌ಲ್ಯಾಂಡಿಗೆ ಹೋಗಿ ಬಂದರು. ಎಂಟು ದಿನ, ಏಳು ರಾತ್ರಿ, ಅಗ್ನಿಪರ್ವತಗಳ ನಡುವೆ ಪ್ರೈವೇಟ್ ಗೈಡೆಡ್ ಟೂರ್. ಬಂದ ಮೂರನೇ ದಿನಕ್ಕೆ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಊಟಕ್ಕೆ ಅನ್ನುವುದು ನೆಪ. ಹೋಗಿ ನೋಡಿದರೆ ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು ಕಾಯುತ್ತಾ ಕೂತಿದ್ದಾರೆ. ಒಟ್ಟು 1,143 ಫೋಟೋ. ಎಲೆಗೆ ಅನ್ನ ಬಿದ್ದದ್ದು 612ನೇ ಫೋಟೋ ದಾಟಿದ ಮೇಲೆ.

ಪ್ರೈವೇಟ್ ಅನ್ನುವ ಪದವನ್ನು ಭಾವ ಸ್ವಲ್ಪ ಒತ್ತಿ ಹೇಳುತ್ತಾರೆ. ಅಂದರೆ ನಮ್ಮದೇ ಗಾಡಿ, ನಮಗೊಬ್ಬನೇ ಗೈಡ್. ಪಕ್ಕದ ಸೀಟಿನಲ್ಲಿ ಯಾರೋ ವಾಂತಿ ಮಾಡುವ ಭಯವಿಲ್ಲ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಕೂಲು ಪ್ರೈವೇಟ್, ಆಸ್ಪತ್ರೆ ಪ್ರೈವೇಟ್, ಟ್ಯಾಂಕರ್ ನೀರು ಪ್ರೈವೇಟ್, ಮಳೆ ಬಂದಾಗ ಬೇಸ್‌ಮೆಂಟಿನ ನೀರು ಎತ್ತುವ ಪಂಪೂ ಪ್ರೈವೇಟ್. ಜ್ವಾಲಾಮುಖಿ ಒಂದು ಬಾಕಿ ಇತ್ತು. ಅದೂ ಆಯಿತು.

ಈ ಕಥೆಯಲ್ಲಿ ಭಾವನಿಗಿಂತ ಮುಖ್ಯವಾದವರು ಅವರ ತಾಯಿ. ನಾವೆಲ್ಲ ಅವ್ವ ಅಂತಲೇ ಕರೆಯುತ್ತೇವೆ. ವಿಜಯಪುರ ಜಿಲ್ಲೆ, ಬಸವನ ಬಾಗೇವಾಡಿ ಕಡೆಯವರು. ಭಾವನ ಮಾತು ಬೆಂಗಳೂರಿನದ್ದಾಗಿ ಇಪ್ಪತ್ತು ವರ್ಷ ಆಯಿತು, ಸಿಟ್ಟು ಬಂದಾಗ ಮಾತ್ರ ಊರಿನದು ಹೊರಗೆ ಬರುತ್ತದೆ. ಅವ್ವನದು ಸಿಟ್ಟು ಬರಲಿ ಬಿಡಲಿ ಒಂದೇ ಮಾತು. ಐಸ್‌ಲ್ಯಾಂಡಿಗೆ ಶೆಂಗೆನ್ ವೀಸಾ ಬೇಕು ಅಂತ ಭಾವ ತಿಂಗಳುಗಟ್ಟಲೆ ಓಡಾಡುತ್ತಿದ್ದಾಗ ಅವ್ವ ಕೇಳಿದ್ದರು, "ಶೇಂಗಾ ಒಯ್ಯಾಕೂ ಚೀಟಿ ಬೇಕೇನೋ?" ವೀಸಾ ಬಂದ ದಿನವೇ ಎರಡು ಕೆಜಿ ಶೇಂಗಾ ಹಿಂಡಿ ಕುಟ್ಟಿ ಡಬ್ಬಿಗೆ ತುಂಬಿ ಕೊಟ್ಟರು. ಪರ್ಮಿಶನ್ ಸಿಕ್ಕಿತಲ್ಲ, ಇನ್ನೇನು!

ಫೋಟೋ ಶುರುವಾಯಿತು. ಮೊದಲು ಕಪ್ಪು ನೆಲ. ಆಮೇಲೆ ಇನ್ನೊಂದು ಕಪ್ಪು ನೆಲ. ಆಮೇಲೆ ಕಪ್ಪು ನೆಲದ ಮುಂದೆ ಅಕ್ಕ, ಅವಳ ಮುಖ ಚಳಿಗೆ ನೇರಳೆ ಹಣ್ಣಿನ ಬಣ್ಣ. ಹೀಗೆ ನೂರು ಫೋಟೋ ಆದ ಮೇಲೆ ಒಂದು ಹಿಮದ ಬೆಟ್ಟ ಬಂತು. ಭಾವ ಅದರ ಹೆಸರು ಹೇಳಲು ಹೊರಟರು. "ಏಯಾ... ಏಯಾಫ್ಯಾಟ್ಲಾ..."

"ಗಂಟಲಾಗ ಏನಾರ ಸಿಕ್ಕತೇನೋ? ನೀರ ಕುಡಿ," ಅಂದರು ಅವ್ವ.

ಹೆಸರು ಬಾಯಿಗೆ ಬರದಿದ್ದರೂ ಭಾವನಿಗೂ ಆ ಬೆಟ್ಟಕ್ಕೂ ಹಳೇ ಪರಿಚಯ. 2010ರ ಏಪ್ರಿಲ್‌ನಲ್ಲಿ ಅದು ಬೂದಿ ಉಗುಳಿ ಯುರೋಪಿನ ವಿಮಾನಗಳನ್ನೆಲ್ಲ ಹೆಚ್ಚುಕಡಿಮೆ ಒಂದು ವಾರ ನೆಲಕ್ಕೆ ಕೂರಿಸಿತ್ತು. ಆಫೀಸ್ ಕೆಲಸಕ್ಕೆ ಲಂಡನ್ನಿಗೆ ಹೋಗಿದ್ದ ಭಾವ ಅಲ್ಲೇ ಸಿಕ್ಕಿಬಿದ್ದಿದ್ದರು. ಆಗ ಫೋನಿನಲ್ಲಿ ಆ ಬೆಟ್ಟಕ್ಕೆ ಬೈದ ಬೈಗುಳ ಅಪ್ಪಟ ಬಾಗೇವಾಡಿಯದು, ಅಕ್ಕನಿಗೆ ಇನ್ನೂ ಬಾಯಿಪಾಠ. ಈಗ ಒಂದು ಒಳ್ಳೇ ಕಾರಿನ ದುಡ್ಡು ಖರ್ಚು ಮಾಡಿ, ಅದೇ ಬೆಟ್ಟದ ಮುಂದೆ ನಿಂತು ಹಲ್ಲು ಬಿಟ್ಟಿದ್ದಾರೆ.

ಮುಂದಿನ ಫೋಟೋದಲ್ಲಿ ಲಾವಾ ಬಂಡೆಗಳ ಮೇಲೆ ದಪ್ಪ ಹಸಿರು ಪಾಚಿ. ಒಮ್ಮೆ ತುಳಿದರೆ ಅದು ಮತ್ತೆ ಬೆಳೆಯಲು ಎಷ್ಟೋ ದಶಕ ಬೇಕಂತೆ. ಹಾಗಾಗಿ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ ಅಂತ ಗೈಡ್ ಹೇಳಿದ್ದನಂತೆ. ಭಾವ ಒಂದಡಿ ಅಗಲದ ಕಾಲುದಾರಿಯಲ್ಲಿ ಸರ್ಕಸ್ಸಿನವರ ಹಾಗೆ ಕೈ ಚಾಚಿಕೊಂಡು ನಡೆಯುತ್ತಿರುವ ವಿಡಿಯೋ ಇದೆ. ನೋಡಿ ನನಗೆ ಕಣ್ಣು ತುಂಬಿ ಬಂತು. ಇದೇ ಭಾವ ಇಲ್ಲಿ ಸಂಜೆ ಆರಕ್ಕೆ ಸ್ಕೂಟರನ್ನು ಫುಟ್‌ಪಾತ್ ಮೇಲೆ ಹತ್ತಿಸಿ, ಎದುರಿಗೆ ನಡೆದು ಬರುವ ಅಜ್ಜನಿಗೇ ಹಾರ್ನ್ ಹೊಡೆಯುತ್ತಾರೆ. ಪಾಚಿಗೆ ಇರುವ ಮರ್ಯಾದೆ ಮನುಷ್ಯನಿಗೂ ಇರಬೇಕಂದರೆ ಅಜ್ಜನೂ ಐಸ್‌ಲ್ಯಾಂಡಿನಲ್ಲಿ ಹುಟ್ಟಬೇಕಿತ್ತು.

ಆಮೇಲೆ ಥಿಂಗ್ವೆಲ್ಲಿರ್. ಇಲ್ಲಿ ಭಾವ ಎದ್ದು ನಿಂತರು. "ನೋಡಿ, ಇಲ್ಲಿ ಭೂಮಿ ಬಿರಿದಿದೆ. ಈ ಕಡೆ ಅಮೆರಿಕದ ಭೂಫಲಕ, ಆ ಕಡೆ ಯುರೋಪಿನ ಭೂಫಲಕ. ವರ್ಷಕ್ಕೆ 2 ಸೆಂಟಿಮೀಟರ್ ದೂರ ಹೋಗ್ತಿವೆ." ಆ ಬಿರುಕಿನಲ್ಲಿ ತುಂಬಿದ ನೀರು 2ರಿಂದ 4 ಡಿಗ್ರಿ ಇರುತ್ತದಂತೆ. ಮೇ ತಿಂಗಳಲ್ಲೂ ಬಿಸಿನೀರಿಲ್ಲದೆ ಸ್ನಾನ ಮಾಡದ ಭಾವ ರಬ್ಬರಿನ ಸೂಟ್ ಹಾಕಿಕೊಂಡು ಅದರಲ್ಲಿ ಇಳಿದು ತೇಲಿದ್ದಾರೆ.

ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಬ್ಯಾಸಗ್ಯಾಗ ನಮ್ಮ ಎರಿ ಹೊಲಾನೂ ಹಿಂಗ ಬಾಯಿ ಬಿಡತಿತ್ತಲ್ಲೋ. ಆಡಿನ ಮರಿ ಕಾಲು ಸಿಕ್ಕು ಒದ್ದಾಡತಿತ್ತು, ನೀನ ಎತ್ತಿ ತರತಿದ್ದಿ."

"ಅದು ಬೇರೆ ಅವ್ವಾ. ಇದು ಲಾವಾ."

ಅಷ್ಟರಲ್ಲಿ ಮೂಲೆಯಲ್ಲಿ ಮೊಬೈಲ್ ಒತ್ತುತ್ತಾ ಕೂತಿದ್ದ ಅಕ್ಕನ ಮಗಳು ತಲೆ ಎತ್ತದೇ ಹೇಳಿದಳು. "ಅಪ್ಪಾ, ಅದೂ ಲಾವಾನೇ. ನಮ್ಮ ಜಿಯಾಗ್ರಫಿ ಪುಸ್ತಕದಲ್ಲಿದೆ. ಡೆಕ್ಕನ್ ಟ್ರಾಪ್."

ಒಂಬತ್ತನೇ ಕ್ಲಾಸಿನ ಹುಡುಗಿ, ಹೇಳಿದ್ದು ನೂರಕ್ಕೆ ನೂರು ನಿಜ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಉಕ್ಕಿ, ಪದರದ ಮೇಲೆ ಪದರ ಕೂತು ಆದದ್ದು ಆ ನೆಲ. ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆಯ ಕಪ್ಪು ಮಣ್ಣು ಆ ಕಲ್ಲು ಪುಡಿಯಾಗಿ ಹುಟ್ಟಿದ್ದು. ಗೋಳಗುಮ್ಮಟ ಕಟ್ಟಿದ್ದೂ ಅದೇ ಕಲ್ಲಿನಲ್ಲಿ. ಇವತ್ತಿಗೂ ಆ ಲಾವಾ ಹರಡಿರುವ ಜಾಗ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಇಡೀ ಐಸ್‌ಲ್ಯಾಂಡ್ ಅಳೆದರೆ 1.03 ಲಕ್ಷ. ಅಂದರೆ ಭಾವ ಐದು ಐಸ್‌ಲ್ಯಾಂಡಿನಷ್ಟು ಲಾವಾದ ಮೇಲೆ ಹುಟ್ಟಿ, ಅದರ ಮೇಲೇ ಗೋಲಿ ಆಡಿ, ಅದರಲ್ಲಿ ಬೆಳೆದ ಜೋಳದ ರೊಟ್ಟಿ ತಿಂದು ದೊಡ್ಡವರಾದವರು.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಯಾಕೆಂದರೆ ಎರಡು ವರ್ಷದ ಹಿಂದೆ ಭಾವ ಆ ನಾಲ್ಕು ಎಕರೆ ಎರೆ ಹೊಲ ಮಾರಿದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬಂದ ದುಡ್ಡಿನಲ್ಲಿ ಫ್ಲ್ಯಾಟಿನ ಸಾಲ ಒಂದಿಷ್ಟು ತೀರಿತು. ಮಿಕ್ಕಿದ್ದರಲ್ಲಿ ಐಸ್‌ಲ್ಯಾಂಡ್.

"ಡೋಣಿ ಹರಿದ್ರ ಓಣೆಲ್ಲ ಕಾಳು ಅಂತಿದ್ರು," ಅಂದರು ಅವ್ವ, ತಮ್ಮ ಕಡೆಯ ಡೋಣಿ ಹೊಳೆ ನೆನೆದು, ಯಾರಿಗೂ ಅಲ್ಲ ಎಂಬಂತೆ. ಅಕ್ಕ ಗಡಬಡಿಸಿ ಎದ್ದು ಮುಂದಿನ ಫೋಟೋ ಒತ್ತಿದಳು.

ಮುಂದಿನದು ಬ್ರೆಡ್ಡು. ಅಲ್ಲಿ ಒಂದು ಕೆರೆಯ ದಂಡೆಯಲ್ಲಿ ನೆಲ ಎಷ್ಟು ಬಿಸಿ ಅಂದರೆ, ಹಿಟ್ಟನ್ನು ಪಾತ್ರೆಯಲ್ಲಿ ಹಾಕಿ ಮರಳಿನಲ್ಲಿ ಹೂಳುತ್ತಾರೆ. 24 ಗಂಟೆ ಬಿಟ್ಟು ಅಗೆದರೆ ಬ್ರೆಡ್ ತಯಾರು. ಗುದ್ದಲಿ ಹಿಡಿದ ಗೈಡಿನ ಪಕ್ಕ ಭಾವ, ನಿಧಿ ಸಿಕ್ಕವರ ಹಾಗೆ.

"ಒಂದ ರೊಟ್ಟಿಗೆ ಒಂದ ದಿನ ಹಿಡದ್ರ ಹೊಲಕ್ಕ ಬುತ್ತಿ ಯಾವಾಗ ಮುಟ್ಟಬೇಕು?"

ಭಾವ ಕೇಳಿಸಿಕೊಳ್ಳಲಿಲ್ಲ. ಅವರಿಗೆ ಬೇರೆ ಅವಸರವಿತ್ತು. ಟೂರಿನ ಅಸಲಿ ವಸ್ತು, ಕೆಂಪಗೆ ಹರಿಯುವ ಲಾವಾ, ಇನ್ನೂ ಬಂದಿರಲಿಲ್ಲ. ಬರಲೂ ಇಲ್ಲ. ಇವರು ಹೋದ ಎಂಟು ದಿನವೂ ಅಗ್ನಿಪರ್ವತ ನಿದ್ದೆಯಲ್ಲಿತ್ತಂತೆ. ಪ್ರೈವೇಟ್ ಟೂರ್ ಅಂತ ಹೇಳಿ ನೋಡಿದರೂ ಏಳಲಿಲ್ಲ. ಕೊನೆಗೆ ರೇಕ್ಯಾವಿಕ್ ಪಟ್ಟಣದಲ್ಲಿ ಒಂದು ಶೋಗೆ ಕರೆದುಕೊಂಡು ಹೋದರು. ಅಲ್ಲಿ ಆರಿ ಗಟ್ಟಿಯಾದ ಲಾವಾವನ್ನು ಕುಲುಮೆಯಲ್ಲಿ 1,100 ಡಿಗ್ರಿಗೆ ಕಾಯಿಸಿ, ಜನರ ಮುಂದೆ ಸುರಿದು ತೋರಿಸುತ್ತಾರೆ. ಅದಕ್ಕೆ ಬೇರೆ ಟಿಕೆಟ್. ವಿಡಿಯೋ ಪೂರ್ತಿ ನೋಡಿದ ಅವ್ವ ಒಂದೇ ಮಾತು ಹೇಳಿದ್ದು. "ನಿನ್ನಿ ಸಾರು ಕಾಸಿ ಬಡಿಸಿದಂಗಾತು."

ಗೈಡ್ ಬುದ್ಧಿವಂತ ಇರಬೇಕು. ಬೆಂಕಿ ತೋರಿಸಲಾಗದ ಕಡೆ ಕಥೆ ಹೇಳಿದ್ದಾನೆ. 2023ರ ನವೆಂಬರ್ 10ರ ರಾತ್ರಿ ಗ್ರಿಂಡವಿಕ್ ಅನ್ನುವ ಊರಿಗೆ ಊರನ್ನೇ ಖಾಲಿ ಮಾಡಿಸಿದರು. ರಸ್ತೆಗಳು ಸೀಳಿಹೋಗಿದ್ದವು. ಲಾವಾ ಊರಿಗೆ ನುಗ್ಗದಂತೆ ಮಣ್ಣಿನ ಒಡ್ಡು ಎಬ್ಬಿಸಿದರು. 2024ರ ಫೆಬ್ರವರಿ 8ಕ್ಕೆ ಲಾವಾ ಹರಿದು ಸಾವಿರಾರು ಮನೆಗಳಿಗೆ ಬಿಸಿನೀರು ಒಯ್ಯುವ ಪೈಪೇ ಹಾಳಾಯಿತು. ಕೆಲವೇ ದಿನಗಳಲ್ಲಿ ಬೇರೆ ಪೈಪು ಹಾಕಿ ನೀರು ಬಿಟ್ಟರು.

ಈ ಕೊನೆಯ ವಾಕ್ಯ ಮಾತ್ರ ನಾವ್ಯಾರೂ ನಂಬಲಿಲ್ಲ. ನಮ್ಮ ಬೀದಿಯನ್ನು ಯುಗಾದಿಗೆ ಪೈಪಿಗೆಂದು ಒಬ್ಬರು ಅಗೆದರು. ಯಾರು ಅಂತ ನಾನು ಹೇಳಲ್ಲ, ಅವರೂ ಹೇಳಲಿಲ್ಲ. ಗಣೇಶನ ಹಬ್ಬಕ್ಕೆ ಇನ್ನೊಬ್ಬರು ಬಂದು, ಅದೇ ಗುಂಡಿಯಲ್ಲಿ ಕೇಬಲ್ ಹುಡುಕಿದರು. ಸಿಗಲಿಲ್ಲವೋ ಏನೋ, ಪಕ್ಕದಲ್ಲಿ ಇನ್ನೊಂದು ತೋಡಿದರು. ದೀಪಾವಳಿಗೆ ನಮ್ಮ ಬೀದಿಯ ಎಡಬದಿ ಒಂದು ಫಲಕ, ಬಲಬದಿ ಒಂದು ಫಲಕ. ವರ್ಷಕ್ಕೆ 2 ಸೆಂಟಿಮೀಟರ್ ಅಲ್ಲ, ಮಳೆಗೆ ಎರಡಡಿ. ನಡುವೆ ನೀರು ನಿಂತಾಗ ರಬ್ಬರ್ ಸೂಟ್ ಇಲ್ಲದೆಯೇ ಇಳಿಯುತ್ತೇವೆ.

ಚಂದ್ರನಿಗೆ ಹೋಗುವ ಮೊದಲು ಅಮೆರಿಕದವರು ತಮ್ಮ ಗಗನಯಾತ್ರಿಗಳನ್ನು ತರಬೇತಿಗೆ 1965 ಮತ್ತು 1967ರಲ್ಲಿ ಐಸ್‌ಲ್ಯಾಂಡಿಗೆ ಕಳಿಸಿದ್ದರು. ಇದನ್ನು ಗೈಡ್ ಬಹಳ ಹೆಮ್ಮೆಯಿಂದ ಹೇಳಿದ್ದನಂತೆ. ಅಷ್ಟು ದೂರ ಯಾಕೆ ಹೋದರೋ! 2019ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಗಗನಯಾತ್ರಿ ವೇಷ ಹಾಕಿಸಿ ಬೆಂಗಳೂರಿನ ಒಂದು ರಸ್ತೆಯ ಗುಂಡಿಗಳ ನಡುವೆ ನಡೆಸಿದ ವಿಡಿಯೋ ನೋಡಿ ಜಗತ್ತೇ ಒಂದು ಕ್ಷಣ ಚಂದ್ರ ಅಂದುಕೊಂಡಿತ್ತು. ಪಕ್ಕದಲ್ಲಿ ಆಟೋ ಹಾದುಹೋಗದಿದ್ದರೆ ಇನ್ನೂ ಅಂದುಕೊಂಡೇ ಇರುತ್ತಿತ್ತು.

ಕೊನೆಯಲ್ಲಿ ಬ್ಲೂ ಲಗೂನ್. ಹಾಲು ಬೆರೆಸಿದ ನೀಲಿ ನೀರು, ಮೇಲೆ ಹಬೆ, ಮುಖಕ್ಕೆ ಬಿಳಿ ಕೆಸರು ಬಳಿದುಕೊಂಡ ಭಾವ. ದೇವರು ಮಾಡಿದ ಕೊಳ ಅಂದುಕೊಂಡಿದ್ದೆ. ಅಲ್ಲವಂತೆ. ಪಕ್ಕದ ವಿದ್ಯುತ್ ಸ್ಥಾವರ ಬಳಸಿ ಬಿಟ್ಟ ನೀರು ಲಾವಾ ನೆಲದಲ್ಲಿ ನಿಂತು ಆದದ್ದು.

ಇದು ಕೇಳಿದ ಮೇಲೆ ಎಲ್ಲರ ಕಣ್ಣೂ ತಾನಾಗೇ ಕಿಟಕಿಯ ಕಡೆ ಹೋಯಿತು. ಭಾವನ ಫ್ಲ್ಯಾಟ್ ಇರುವುದು ಬೆಳ್ಳಂದೂರು ಕೆರೆಯ ಕಡೆ. ಲೇಕ್ ವ್ಯೂ ಅಂತ ಹೆಚ್ಚಿಗೆ ದುಡ್ಡು ಕೊಟ್ಟು ತಗೊಂಡದ್ದು. ನಮ್ಮಲ್ಲೂ ಬಳಸಿ ಬಿಟ್ಟ ನೀರೇ, ಊರಿನ ಬಚ್ಚಲಿನದು. ನೊರೆ ಎದ್ದು ರಸ್ತೆಗೆ ಹಾರಿ ಬಂದು ಮುಖಕ್ಕೆ ತಾನೇ ಮೆತ್ತಿಕೊಳ್ಳುತ್ತಿತ್ತು, ಟವೆಲ್ ಒಂದು ನಮ್ಮದು. 2015ರಲ್ಲಿ ಆ ಕೆರೆ ಹೊತ್ತಿ ಉರಿಯಿತು. 2017ರಲ್ಲಿ ಮತ್ತೆ. 2018ರ ಜನವರಿಯಲ್ಲಿ ಮತ್ತೆ, ಆಗಂತೂ ಆರಿಸಲು ಸೈನಿಕರೇ ಬರಬೇಕಾಯಿತು. ಆಮೇಲೆ ಹೂಳೆತ್ತುವ ಕೆಲಸ ಶುರುವಾಯಿತು, ಅದು ಬೇರೆ ಮಾತು.

"ನೀರಿಗೆ ಬೆಂಕಿ ಹತ್ತಿದ್ದು ಅಲ್ಲಿ ನೋಡಿದ್ಯೇನು?" ಅಂತ ಕೇಳಿದರು ಅವ್ವ.

"ಇಲ್ಲವ್ವಾ. ಅಲ್ಲಿ ನೀರು ಬರೀ ಬಿಸಿ ಇರತ್ತೆ."

"ಹಂಗಾದ್ರ ಇಲ್ಲೇ ಜೋರು ಬಿಡು."

ಊಟ ಆದ ಮೇಲೆ ಮುಂದಿನ ಟೂರಿನ ಮಾತು ಬಂತು. ಅಕ್ಕನ ಮಗಳು ಮರಡಿಹಳ್ಳಿಗೆ ಹೋಗೋಣ ಅಂದಳು. ಚಿತ್ರದುರ್ಗ ಜಿಲ್ಲೆ, ಇಲ್ಲಿಂದ 200 ಕಿಲೋಮೀಟರಿನ ಆಸುಪಾಸು. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನೊಳಗೆ ಉಕ್ಕಿದ ಲಾವಾ ತಟ್ಟನೆ ತಣ್ಣಗಾಗಿ, ದಿಂಬು ಪೇರಿಸಿಟ್ಟ ಹಾಗೆ ಕಲ್ಲಾಗಿ ಅಲ್ಲಿ ಕೂತಿದೆ. ಭೂವಿಜ್ಞಾನದವರು ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಬೋರ್ಡನ್ನೂ ಹಾಕಿದ್ದಾರೆ. ಐಸ್‌ಲ್ಯಾಂಡಿನ ಕಲ್ಲುಗಳು ಅದರ ಮುಂದೆ ಎಳೇ ಕೂಸುಗಳು. ಭಾವ ಆಸಕ್ತಿಯಿಂದಲೇ ಕೇಳಿದರು.

"ಹೋಗೋದು ಹೇಗೆ?"

"ದುರ್ಗದವರೆಗೆ ಬಸ್ಸಿದೆ ಅಪ್ಪಾ."

"ಬಸ್ ಹೋಗೋ ಜಾಗದಲ್ಲಿ ನೋಡೋದು ಏನಿರತ್ತೆ?"

ಅಲ್ಲಿಗೆ ಆ ಮಾತು ಮುಗಿಯಿತು. ಆಮೇಲೆ ಭಾವ ಶೋಕೇಸಿನ ಲೈಟ್ ಹಾಕಿ ಒಂದು ಕಲ್ಲು ತೋರಿಸಿದರು. ಮುಷ್ಟಿಯಷ್ಟು ದೊಡ್ಡದು, ಕಪ್ಪು, ಮೈಯೆಲ್ಲ ತೂತು. ಲಾವಾ ಆರುವಾಗ ಒಳಗಿನ ಗಾಳಿಗುಳ್ಳೆಗಳು ಹಾಗೇ ಉಳಿದು ಆದ ತೂತುಗಳಂತೆ. ಏರ್‌ಪೋರ್ಟಿನ ಅಂಗಡಿಯಲ್ಲಿ ಕೊಂಡದ್ದು, ಬಿಲ್ಲೂ ಇಟ್ಟಿದ್ದರು. ಅದರ ಪಕ್ಕ ಒಂದು ಚೀಟಿ ಬರೆದು ಅಂಟಿಸಿದ್ದರು. ಅವ್ವ ಕಲ್ಲನ್ನು ಕೈಗೆ ತಗೊಂಡು ತಿರುಗಿಸಿ ನೋಡಿದರು, ಹೆಬ್ಬೆರಳಿನಿಂದ ಉಜ್ಜಿದರು. ಏನೂ ಹೇಳಲಿಲ್ಲ. ನನಗೆ ಆಗಲೇ ಅನುಮಾನ ಬಂದಿತ್ತು.

ಹೋದ ಭಾನುವಾರ ಮತ್ತೆ ಹೋಗಿದ್ದೆ. ಶೋಕೇಸಿನ ಲೈಟ್ ಉರಿಯುತ್ತಿತ್ತು, ಚೀಟಿ ಇತ್ತು, ಕಲ್ಲು ಇರಲಿಲ್ಲ. ಕೈ ತೊಳೆಯಲು ಬಚ್ಚಲಿಗೆ ಹೋದೆ. ಬಕೆಟ್ಟಿನ ಪಕ್ಕ, ಸೋಪಿನ ಡಬ್ಬಿಯ ಮೇಲೆ ಒದ್ದೆಯಾಗಿ ಕೂತಿತ್ತು. ಅದರ ಮೇಲ್ಗಡೆ ಗೋಡೆಯಲ್ಲಿ ಗೀಸರ್. ಆ ಹೆಸರೂ ಬಂದಿದ್ದು ಐಸ್‌ಲ್ಯಾಂಡಿನಿಂದಲೇ, ಅಲ್ಲಿನ ಗೇಸಿರ್ ಅನ್ನುವ ಬಿಸಿನೀರಿನ ಚಿಲುಮೆಯಿಂದ. ಊರಿನವರಿಬ್ಬರೂ ಒಂದೇ ಕಡೆ ಸೇರಿದ್ದರು.

ಹೊರಗೆ ಬಂದಾಗ ಅವ್ವ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು. ಹಿಮ್ಮಡಿ ಲಕಲಕ ಅನ್ನುತ್ತಿತ್ತು.

"ಭಾಳ ಚಲೋ ಅದ ಆ ಕಲ್ಲು," ಅಂದರು. "ಮುಂದಿನ ಸಲ ಹೋದ್ರ ನಿಮ್ಮ ಅಕ್ಕಗೂ ಒಂದು ತಾ ಅಂತ ಹೇಳೀನಿ."